ಎರಡು ವರ್ಷ ನಿಂತ ತೇರು: ಮಹಾಮಾರಿಯ ನಂತರ ನಮ್ಮ ಗುಡಿ, ಮಸೀದಿ, ಚರ್ಚುಗಳಲ್ಲಿ ಏನೇನು ಬದಲಾಗಿದೆ?

ನಿವೃತ್ತ ಮೇಷ್ಟ್ರು, ಕೊರಟಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಾಮದೇವತೆಯ ಜಾತ್ರೆಯ ಕಟ್ಟುಕಟ್ಟಳೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ದೇವಸ್ಥಾನದ ಸಮಿತಿಯವರು ನನಗೆ ಒಪ್ಪಿಸಿದ್ದಾರೆ. ಯಾವ ಮನೆಯವರು ತೇರಿಗೆ ಹಗ್ಗ ತರಬೇಕು, ದೇವರು ಬರುವ ದಾರಿಗೆ ನಡೆಮಡಿ ಬಟ್ಟೆ ಹಾಸುವವರು ಯಾರು, ತಂಬಿಟ್ಟಿನ ಆರತಿ ಯಾವ ಬೀದಿಯಿಂದ ಮೊದಲು ಹೊರಡಬೇಕು ಎಂಬುದನ್ನು ಇದುವರೆಗೆ ಯಾರೂ ಬರೆದಿಟ್ಟಿರಲಿಲ್ಲ. ಬಲ್ಲವರು ವರ್ಷವರ್ಷವೂ ಕಣ್ಣೆದುರಿಗೆ ಮಾಡಿ ತೋರಿಸುತ್ತಿದ್ದುದರಿಂದ ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಆ ಅಗತ್ಯ ಕೊರೊನಾದಿಂದ ಬಂತು. ಪುಸ್ತಕ ಬರೆಯಲು ಕೂರುವ ಮೊದಲು ನಿಮ್ಮೆಲ್ಲರ ಊರುಗಳಲ್ಲಿ ಏನಾಯಿತೆಂದು ತಿಳಿದುಕೊಳ್ಳಬೇಕೆನಿಸಿದೆ.

2020ರ ಮಾರ್ಚ್ 25 ಯುಗಾದಿ ಹಬ್ಬ. ಹಿಂದಿನ ರಾತ್ರಿ ಎಂಟು ಗಂಟೆಗೆ ದೇಶಕ್ಕೆಲ್ಲ 21 ದಿನಗಳ ಲಾಕ್‌ಡೌನ್ ಘೋಷಣೆಯಾಗಿತ್ತು. ಬೆಳಗಾಗುವಷ್ಟರಲ್ಲಿ ಊರಿನ ಹುಡುಗರು ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಎಳೆದು ಹಾಕಿದ್ದರು. ಪ್ರತಿ ಯುಗಾದಿಯ ಸಂಜೆ ಗುಡಿಯ ಮುಂದೆ ಊರೆಲ್ಲ ಸೇರಿ ಪಂಚಾಂಗ ಕೇಳುವುದು ನಮ್ಮಲ್ಲಿ ವಾಡಿಕೆ. ಆ ದಿನ ಅರ್ಚಕರು ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಕುಳಿತು ಶಾರ್ವರಿ ಸಂವತ್ಸರದ ಫಲವನ್ನು ದೇವಿಗೆ ಓದಿ ಹೇಳಿ ಮನೆಗೆ ಹೋದರು.

ಮುಳ್ಳು ಕಂಡು ನಮ್ಮ ತಾಯಿಯವರು ತಮ್ಮ ಅತ್ತೆ ಹೇಳುತ್ತಿದ್ದ ಪ್ಲೇಗಿನ ಕಾಲವನ್ನು ನೆನೆದರು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಆಮೇಲಿನ ಹಲವು ವರ್ಷಗಳ ಕಾಲ ಮೈಸೂರು ಸೀಮೆಯನ್ನು ಬಿಟ್ಟು ಹೋಗಲಿಲ್ಲ. ಇಲಿ ಬಿದ್ದಿತೆಂದರೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು, ಹೋಗುವಾಗ ದೇವರನ್ನೂ ಹೊತ್ತುಕೊಂಡು ಹೋಗುತ್ತಿತ್ತು ಎಂದು ನಮ್ಮ ತಾಯಿ ಹೇಳುತ್ತಾರೆ. ನಮ್ಮ ಕಡೆ ಹೊರಬೀಡು ಎಂದು ಕೆಲವು ಊರುಗಳಲ್ಲಿ ಈಗಲೂ ಒಂದು ದಿನ ಊರು ಖಾಲಿ ಮಾಡಿ ಹೊರಗೆ ಅಡುಗೆ ಮಾಡಿ ಉಣ್ಣುವುದುಂಟಲ್ಲ, ಅದನ್ನು ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಅಂದಿನ ರೋಗ ಜನರನ್ನು ಮನೆಯಿಂದ ಹೊರಗೆ ತಂದು ಒಟ್ಟಿಗೆ ಕೂರಿಸಿತು. ಇಂದಿನದು ಒಬ್ಬೊಬ್ಬರನ್ನೂ ಅವರವರ ಮನೆಯೊಳಗೆ ಇಟ್ಟು ದೇವರನ್ನೂ ಒಂಟಿಯಾಗಿಸಿತು. ಹಿರಿಯರಿಂದ ಬಂದ ಯಾವ ಕಟ್ಟಳೆಯೂ ಇಂಥದಕ್ಕೆ ನಮ್ಮನ್ನು ಅಣಿಗೊಳಿಸಿರಲಿಲ್ಲ.

2020 ಮತ್ತು 2021ರಲ್ಲಿ ನಮ್ಮ ತೇರು ಹೊರಡಲಿಲ್ಲ. 2021ರ ಮೇ ತಿಂಗಳಲ್ಲಿ, ನಲವತ್ತು ವರ್ಷ ತೇರಿನ ಗಾಲಿಗೆ ಮರದ ತುಂಡು ಕೊಟ್ಟು ತಿರುವಿನಲ್ಲಿ ಅದನ್ನು ಹೊರಳಿಸುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಅದೇ ವಾರ ಜಾತ್ರೆಯ ಸೋಬಾನೆ ಪದಗಳನ್ನು ಪೂರ್ತಿ ಬಲ್ಲ ಇಬ್ಬರು ಅಜ್ಜಿಯರಲ್ಲಿ ಒಬ್ಬರು ಹೋದರು. 2022ರಲ್ಲಿ ತೇರು ಎಳೆದಾಗ ಕುಂಬಾರಬೀದಿಯ ತಿರುವಿನಲ್ಲಿ ಅದು ಮೂರು ಗಂಟೆಗೂ ಹೆಚ್ಚು ಕಾಲ ನಿಂತಿತು. ಎಳೆಯಲು ಹಿಂದೆಂದಿಗಿಂತ ಹೆಚ್ಚು ಜನರಿದ್ದರು, ಆದರೆ ಎಡಗಡೆಯ ಗಾಲಿಗೆ ಯಾವ ಹೊತ್ತಿಗೆ ತಡೆ ಕೊಡಬೇಕೆಂದು ಹೇಳುವವರು ಒಬ್ಬರೂ ಇರಲಿಲ್ಲ.

ಕೊರೊನಾದಿಂದ ಜನರಲ್ಲಿ ಭಕ್ತಿ ಹೆಚ್ಚಿತೋ ಕಡಿಮೆಯಾಯಿತೋ ಎಂದು ಬಹಳ ಮಂದಿ ಕೇಳುತ್ತಾರೆ. ನನ್ನ ಕಳವಳ ಬೇರೆ. ಒಟ್ಟಿಗೆ ಮಾಡುವ ಕೆಲಸ, ಒಟ್ಟಿಗೆ ಕುಳಿತು ಉಣ್ಣುವ ಪಂಕ್ತಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ತಿಳಿವಳಿಕೆ, ಇವುಗಳಿಗೆ ಬಿದ್ದ ಪೆಟ್ಟು ಇನ್ನೂ ಮಾಯ್ದಿಲ್ಲ ಎಂಬುದು ನನ್ನ ಎಣಿಕೆ. ನಿಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ.

ಅರ್ಚಕ, ಗೌರಿಬಿದನೂರು ತಾಲ್ಲೂಕು

ಮೇಷ್ಟ್ರಿಗೆ ನಮಸ್ಕಾರಗಳು. ನಮ್ಮದು ಸರ್ಕಾರದ ಮುಜರಾಯಿ ಇಲಾಖೆಗೆ ಸೇರಿದ ಸಿ ದರ್ಜೆಯ ದೇವಸ್ಥಾನ. ವರ್ಷದ ಆದಾಯ ಐದು ಲಕ್ಷ ರೂಪಾಯಿಗಿಂತ ಕಡಿಮೆ ಇರುವ ದೇವಸ್ಥಾನಗಳೆಲ್ಲ ಈ ದರ್ಜೆಗೆ ಸೇರುತ್ತವೆ, ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಬಹುಪಾಲು ಇವೇ. ಪೂಜೆಗೆಂದು ಸರ್ಕಾರ ವರ್ಷವರ್ಷ ಕೊಡುವ ತಸ್ತೀಕ್ ಹಣ ಪೂಜಾ ಸಾಮಗ್ರಿಗೆ ಸರಿಹೋಗುತ್ತದೆ, ಮನೆ ನಡೆಯುವುದು ಮಂಗಳಾರತಿ ತಟ್ಟೆಗೆ ಬೀಳುವ ಕಾಸಿನಿಂದ. ಬಾಗಿಲು ಮುಚ್ಚಿದ ದಿನದಿಂದ ತಟ್ಟೆಯೂ ಖಾಲಿ. ಆದರೂ ನಿತ್ಯ ಪೂಜೆ ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಹೂವಿಲ್ಲದ ದಿನ ತುಳಸಿ, ತುಳಸಿಯೂ ಸಿಗದ ದಿನ ಅಕ್ಷತೆ ಇಟ್ಟು ಪೂಜೆ ಮಾಡಿದ್ದೇನೆ.

2020ರ ಜೂನ್ 8ರಂದು ದೇವಸ್ಥಾನಗಳು ತೆರೆದಾಗ ತೀರ್ಥ ಕೊಡುವಂತಿಲ್ಲ, ಪ್ರಸಾದ ಹಂಚುವಂತಿಲ್ಲ, ಗಂಟೆ ಮುಟ್ಟುವಂತಿಲ್ಲ ಎಂಬ ನಿಯಮಗಳಿದ್ದವು. ಗಂಟೆಗೆ ನಾವು ಬಟ್ಟೆ ಸುತ್ತಿದೆವು. 65 ವರ್ಷ ದಾಟಿದವರೂ 10 ವರ್ಷದೊಳಗಿನ ಮಕ್ಕಳೂ ಮನೆಯಲ್ಲೇ ಇರುವುದು ಒಳ್ಳೆಯದೆಂದು ಸರ್ಕಾರ ಹೇಳಿತ್ತು. ಯೋಚಿಸಿ ನೋಡಿ, ನಮ್ಮಂಥ ಹಳ್ಳಿಯ ಗುಡಿಗೆ ದಿನವೂ ಬರುವವರು ಈ ಎರಡು ವಯಸ್ಸಿನವರೇ. ದಿನವೂ ಕಂಬಕ್ಕೆ ಒರಗಿ ಕೂರುತ್ತಿದ್ದ ಮುದುಕರು ಅಂದು ಹೋದವರು ಮರಳಿ ಬರಲಿಲ್ಲ. ಕೆಲವರು ತೀರಿಕೊಂಡರು, ಉಳಿದವರಿಗೆ ಬರುವ ಅಭ್ಯಾಸ ತಪ್ಪಿತು.

ಆ ಕಾಲದಲ್ಲಿ ನಾನು ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಕಡೆಯವರಿಗೆ ತಿರುಪತಿ ಹತ್ತಿರ. ತಿರುಮಲೆಯ ಬಾಗಿಲು ಮಾರ್ಚ್ 20ರಿಂದ ಜೂನ್‌ವರೆಗೆ ಭಕ್ತರಿಗೆ ತೆರೆದಿರಲಿಲ್ಲ. ಆಗ ಜನರು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಡತೊಡಗಿದರು. ಮುಡಿಪು ಹೊಸದಲ್ಲ, ಆದರೆ ಒಂದೊಂದು ಮನೆಯ ದೇವರ ಗೂಡಿನಲ್ಲಿ ನಾಲ್ಕೈದು ಗಂಟುಗಳು ಕೂಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಂದು ಮಂಜುನಾಥನಿಗೆ, ಒಂದು ತಿಮ್ಮಪ್ಪನಿಗೆ, ಒಂದು ವಿದುರಾಶ್ವತ್ಥದ ನಾಗಪ್ಪನಿಗೆ, ಹೀಗೆ. ಎರಡನೆಯ ಅಲೆಯಲ್ಲಿ ಮನೆಯ ಯಜಮಾನರೇ ಹೋದಾಗ ಯಾವ ಗಂಟು ಯಾವ ಹರಕೆಯದೆಂದು ಹೇಳುವವರಿಲ್ಲದಂತಾಯಿತು. ಅಂಥ ಒಂದು ಮನೆಯ ಸೊಸೆ ಐದು ಗಂಟುಗಳನ್ನು ತಂದು ನನ್ನ ಮುಂದಿಟ್ಟು ಇವನ್ನು ಏನು ಮಾಡಲಿ ಸ್ವಾಮಿ ಎಂದು ಕೇಳಿದರು. ಶಾಸ್ತ್ರದಲ್ಲಿ ನನಗೆ ಉತ್ತರ ಸಿಗಲಿಲ್ಲ. ಒಂದೊಂದು ಗಂಟನ್ನು ಒಂದೊಂದು ಕ್ಷೇತ್ರಕ್ಕೆ ಒಪ್ಪಿಸಿ ಬನ್ನಿ, ಕೊಡಬೇಕಾದವರ ಸಂಕಲ್ಪ ದೇವರಿಗೆ ಗೊತ್ತಿರುತ್ತದೆ ಎಂದು ಹೇಳಿದೆ.

2021ರ ಜೂನ್‌ನಲ್ಲಿ ಸಿ ದರ್ಜೆಯ ಅರ್ಚಕರಿಗೂ ಅಡುಗೆಯವರಿಗೂ, ಮಸೀದಿಗಳ ಇಮಾಮರಿಗೂ ಆಜಾನ್ ಕೂಗುವ ಮುಅಝ್ಝಿನರಿಗೂ ತಲಾ 3,000 ರೂಪಾಯಿ ಘೋಷಣೆಯಾಯಿತು. ದೊಡ್ಡ ಮೊತ್ತವಲ್ಲ. ಆದರೆ ದೇವರ ಕೆಲಸ ಮಾಡುವವನ ಹೊಟ್ಟೆಯೂ ಹೊಟ್ಟೆಯೇ ಎಂದು ಯಾರೋ ಎಣಿಸಿದರು ಎನ್ನುವ ಸಮಾಧಾನ ಸಿಕ್ಕಿತು.

ಹೂವಿನ ಬೆಳೆಗಾರ, ಚಿಕ್ಕಬಳ್ಳಾಪುರ

ಅರ್ಚಕರು ಹೂವಿಲ್ಲದ ದಿನ ಎಂದು ಬರೆದದ್ದನ್ನು ಓದಿ ಮನಸ್ಸಿಗೆ ಕಷ್ಟವಾಯಿತು, ಏಕೆಂದರೆ ಅದೇ ದಿನಗಳಲ್ಲಿ ನಮ್ಮ ತೋಟದಲ್ಲಿ ಕೊಯ್ಯುವವರಿಲ್ಲದೆ ಗುಲಾಬಿಯೂ ಸೇವಂತಿಗೆಯೂ ಗಿಡದಲ್ಲೇ ಒಣಗುತ್ತಿದ್ದವು. ಗುಡಿ, ಮದುವೆ, ಜಾತ್ರೆ ಮೂರೂ ಏಕಕಾಲಕ್ಕೆ ನಿಂತರೆ ಹೂವಿಗೆ ಬೇರೆ ಗಿರಾಕಿಯೇ ಇಲ್ಲ. ಒಂದೂವರೆ ಎಕರೆ ಚೆಂಡುಹೂವಿಗೆ ನಾನೇ ನಿಂತು ರೋಟವೇಟರ್ ಹೊಡೆಸಿದೆ. ಊರಿನ ಗುಡಿಗೆ ಪ್ರತಿದಿನ ಒಂದು ಬುಟ್ಟಿ ಕಳಿಸಬಹುದಿತ್ತು, ಆ ಯೋಚನೆ ಅಂದು ನನಗೆ ಹೊಳೆಯಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಚಿಂತಾಮಣಿಯ ಓದುಗ

ಎಲ್ಲರಿಗೂ ಸಲಾಂ ಮತ್ತು ನಮಸ್ಕಾರ. ಮೇಷ್ಟ್ರು ಮಸೀದಿಯ ವಿಷಯವನ್ನೂ ಕೇಳಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ.

2020ರಲ್ಲಿ ರಂಜಾನ್ ತಿಂಗಳು ಏಪ್ರಿಲ್ ಕೊನೆಯ ವಾರದಲ್ಲಿ ಶುರುವಾಗಿ ಮೇ 25ರಂದು ಈದ್ ಬಂತು. ಇಡೀ ತಿಂಗಳು ಲಾಕ್‌ಡೌನ್. ರಂಜಾನಿನ ರಾತ್ರಿಗಳಲ್ಲಿ ಮಾಡುವ ತರಾವೀಹ್ ನಮಾಜನ್ನು ಮನೆಯಲ್ಲೇ ಮಾಡಬೇಕೆಂದು ನಮ್ಮ ಹಿರಿಯ ಉಲೆಮಾಗಳು ಹೇಳಿದರು. ನಮ್ಮ ಬೀದಿಯ ಮಸೀದಿಗೆ ಹೆಂಗಸರು ಹೋಗುವ ರೂಢಿ ಇಲ್ಲ. ಆ ತಿಂಗಳು ನಾನು ಮುಂದೆ ನಿಂತೆ, ಹಿಂದೆ ಮಗ, ಅವನ ಹಿಂದೆ ನನ್ನ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಸಾಲಾಗಿ ನಿಂತರು. ನನ್ನ ತಾಯಿ ತಮ್ಮ ಎಪ್ಪತ್ತು ವರ್ಷಗಳಲ್ಲಿ ಜಮಾಅತ್‌ನಲ್ಲಿ ಎಲ್ಲರೊಂದಿಗೆ ಸಾಲಾಗಿ ನಿಂತು ನಮಾಜ್ ಮಾಡಿದ್ದು ಅದೇ ಮೊದಲು. ನಾನು ಓದುವಾಗ ಒಂದು ಕಡೆ ತಪ್ಪಿದೆ; ಹಿಂದಿನಿಂದ ಚಿಕ್ಕ ಮಗಳು ಕೈತಟ್ಟಿ ಎಚ್ಚರಿಸಿದಳು. ಅವಳಿಗೆ ನನಗಿಂತ ಹೆಚ್ಚು ಕುರ್‌ಆನ್ ಬಾಯಿಪಾಠವಿದೆ ಎಂಬುದು ನನಗೆ ಗೊತ್ತಾದದ್ದು ಹಾಗೆ. ಮಸೀದಿ ತೆರೆದ ಮೇಲೂ ನಮ್ಮ ಮನೆಯಲ್ಲಿ ಪ್ರತಿ ರಂಜಾನಿನಲ್ಲಿ ಕೆಲವು ರಾತ್ರಿ ಆ ಸಾಲು ನಿಲ್ಲುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ದೆಹಲಿಯ ನಿಜಾಮುದ್ದೀನ್‌ನಲ್ಲಿ ನಡೆದ ತಬ್ಲೀಗಿ ಜಮಾಅತ್ ಎಂಬ ಧಾರ್ಮಿಕ ಸಂಘಟನೆಯ ಸಭೆಯಿಂದ ಕೊರೊನಾ ಹರಡಿತೆಂಬ ಸುದ್ದಿ ಬಂದ ಮೇಲೆ, ನಾಲ್ಕೈದು ವಾರ ನಮ್ಮವರನ್ನು ರೋಗ ಹರಡುವವರೆಂದೇ ನೋಡಲಾಯಿತು. ತಳ್ಳುಗಾಡಿಯಲ್ಲಿ ತರಕಾರಿ ಮಾರುವ ನನ್ನ ಭಾವಮೈದುನನಿಗೆ ಇಪ್ಪತ್ತು ವರ್ಷ ಕೊಂಡವರೇ ಈ ಬೀದಿಗೆ ಬರಬೇಡ ಎಂದರು. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂಬರ್ಥದ ಮಾತು ಹೇಳಿತು. ಆ ತೀರ್ಪು ಬರುವ ಹೊತ್ತಿಗೆ ಬೀದಿಯ ಮಾತು ಬೇರೂರಿಬಿಟ್ಟಿತ್ತು.

ಆದರೆ ನಮ್ಮ ತಾಲ್ಲೂಕಿನಲ್ಲಿ ಮುರುಗಮಲ್ಲ ಇದೆ. ಅಲ್ಲಿನ ದರ್ಗಾಕ್ಕೆ ಎರಡೂ ಕಡೆಯ ಜನ ಹರಕೆ ಹೊತ್ತು ಬರುತ್ತಾರೆ. ದರ್ಗಾ ಮುಚ್ಚಿದ್ದಾಗ ದೂರದ ಹಳ್ಳಿಯ ಒಬ್ಬ ಹಿಂದೂ ಅಜ್ಜಿ ಬಂದು ಬಾಗಿಲ ಹೊರಗೆ ಊದುಬತ್ತಿ ಹಚ್ಚಿ ಕೂತಿದ್ದರು. ಮನುಷ್ಯರ ನಡುವಿನ ಸಂಶಯ ಅವರನ್ನು ತಟ್ಟಿರಲಿಲ್ಲ. ನನ್ನ ಬೇಸರ ಕರಗಿದ್ದು ಯಾವ ಭಾಷಣದಿಂದಲೂ ಅಲ್ಲ, ಆ ಅಜ್ಜಿಯನ್ನು ಕಂಡು.

ತಿಪಟೂರು ಮೂಲದವನು, ಈಗ ಬೆಂಗಳೂರಿನಲ್ಲಿ

ಮೇಷ್ಟ್ರೇ, ಒಟ್ಟಿಗೆ ಸೇರುವುದಕ್ಕೆ ಪೆಟ್ಟು ಬಿದ್ದಿತು ಎಂಬ ನಿಮ್ಮ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. 2020ರ ಏಪ್ರಿಲ್ 26ರಂದು ಬಸವ ಜಯಂತಿ. ಎಂಟು ವರ್ಷಗಳಿಂದ ಹಾಸಿಗೆ ಬಿಟ್ಟು ಏಳದ ನಮ್ಮ ಅಜ್ಜಿ ಆ ದಿನ ಫೋನಿನಲ್ಲಿ ಬಂಧುಗಳೆಲ್ಲರ ಜೊತೆ ವಚನ ಹೇಳಿದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಟಿವಿಯ ಮುಂದೆ ಕೈಮುಗಿದು ಅತ್ತಿದ್ದ ಅಜ್ಜಿ ಅವರು. ದೂರದಿಂದ ನೋಡಿ ಕೈಮುಗಿಯುವುದು ಅವರಿಗೆ ಅಭ್ಯಾಸವಾಗಿತ್ತು, ಆದರೆ ತಾವೂ ಹೇಳುವವರಲ್ಲಿ ಒಬ್ಬರಾದದ್ದು ಅದೇ ಮೊದಲು. 2020ರ ಮಾರ್ಚ್ ತಿಂಗಳಲ್ಲಿ 95 ದೇಶಗಳ ಜನರು ಗೂಗಲ್‌ನಲ್ಲಿ ಪ್ರಾರ್ಥನೆಗಾಗಿ ಹುಡುಕಿದ ಪ್ರಮಾಣ ಹಿಂದೆಂದೂ ಇಲ್ಲದಷ್ಟು ಏರಿತ್ತೆಂದು ಅರ್ಥಶಾಸ್ತ್ರದ ಅಧ್ಯಯನವೊಂದು ತೋರಿಸಿದೆ. ಹಾಗೆ ಹುಡುಕಿದವರಲ್ಲಿ ನಮ್ಮ ಅಜ್ಜಿಯಂಥ ಎಷ್ಟೋ ಜನ ಇದ್ದಿರಬೇಕು.

ಆದರೆ ಫೋನಿಗೆ ಆಗದ ಕೆಲಸವನ್ನೂ ನಾನು ಕಂಡಿದ್ದೇನೆ. 2021ರ ಮೇನಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ನಮ್ಮಲ್ಲಿ ಲಿಂಗೈಕ್ಯರಾದವರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಆಸ್ಪತ್ರೆಯವರು ಚೀಲದಲ್ಲಿ ಸುತ್ತಿದ ದೇಹವನ್ನು ಕೊಟ್ಟರು, ತೆರೆಯುವಂತಿರಲಿಲ್ಲ. ದೊಡ್ಡಪ್ಪನನ್ನು ಮಲಗಿಸಿಯೇ ಮಣ್ಣು ಮಾಡಿದರು. ಲಿಂಗವನ್ನು ಚೀಲದ ಮೇಲೆ ಇಟ್ಟರು. ನಾನು ಅದನ್ನು ಬೆಂಗಳೂರಿನ ಕೋಣೆಯಲ್ಲಿ ಕುಳಿತು ಆರು ಇಂಚಿನ ಪರದೆಯಲ್ಲಿ ನೋಡಿದೆ. ದೊಡ್ಡಮ್ಮ ಈಗಲೂ ಕೇಳುತ್ತಾರೆ, ಅವರು ಕೂತಿದ್ದರೇನಪ್ಪಾ ಎಂದು. ಆಮೇಲೆ ಊರಿಗೆ ಹೋಗಿ ನಾವು ವಿಭೂತಿ ಪೂಜೆ, ಗಣಾರಾಧನೆ ಎಲ್ಲ ಮಾಡಿದೆವು. ಆ ಪ್ರಶ್ನೆಗೆ ಮಾತ್ರ ನಾವು ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.

ಚಿಂತಾಮಣಿಯ ಓದುಗ

ತಮ್ಮಾ, ನಿನ್ನ ನೋವು ನನಗೆ ಗೊತ್ತು. ನಮ್ಮಲ್ಲೂ ತೀರಿಕೊಂಡವರ ಮಯ್ಯತ್‌ಗೆ ಸ್ನಾನ ಮಾಡಿಸಲಾಗದೆ, ಚೀಲದ ಮೇಲಿಂದಲೇ ನೀರಿನ ಬದಲು ಮಣ್ಣಿನಿಂದ ಶುದ್ಧಿ ಮಾಡುವ ತಯಮ್ಮುಮ್ ಮಾಡಿ ಜನಾಜಾ ನಮಾಜ್ ಓದಿ ದಫನ್ ಮಾಡಿದ್ದುಂಟು. ನಿರುಪಾಯ ಕಾಲದಲ್ಲಿ ಎಷ್ಟು ಸಾಧ್ಯವೋ ಅಷ್ಟೇ ಕರ್ತವ್ಯ ಎಂದು ನಮ್ಮ ಆಲಿಮರು ಹೇಳಿದ್ದರು. ನಿಮ್ಮ ದೊಡ್ಡಮ್ಮನವರಿಗೆ ನಿಮ್ಮ ಮಠದ ಸ್ವಾಮಿಗಳಿಂದ ಅಂಥ ಒಂದು ಮಾತು ಹೇಳಿಸಲು ಆಗುತ್ತದೆಯೇ ನೋಡು.

ಕೆಜಿಎಫ್‌ನ ಗಾಯಕಿ

ನನ್ನ ಮನೆಮಾತು ತಮಿಳು, ಓದಿದ್ದು ಕನ್ನಡ, ತಪ್ಪಿದ್ದರೆ ಮನ್ನಿಸಿ. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ನಮ್ಮ ಊರಿನ ಗಂಡಸರೂ ಹೆಂಗಸರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುವವರು. ವಾರದಲ್ಲಿ ನಾವು ಒಬ್ಬರ ಮುಖ ಒಬ್ಬರು ಬೆಳಕಿನಲ್ಲಿ ನೋಡುವುದು ಭಾನುವಾರದ ಪೂಜೆಯಲ್ಲಿ ಮಾತ್ರ. 2020ರ ಏಪ್ರಿಲ್ 10 ಶುಭ ಶುಕ್ರವಾರ, 12 ಈಸ್ಟರ್. ಎರಡೂ ದಿನ ಚರ್ಚು ಮುಚ್ಚಿತ್ತು. ಗುರುಗಳು ಖಾಲಿ ಬೆಂಚುಗಳಿಗೆ ಅರ್ಪಿಸಿದ ಪೂಜೆಯನ್ನು ಯೂಟ್ಯೂಬ್‌ನಲ್ಲಿ ಮನೆಮಂದಿ ಮೊಣಕಾಲೂರಿ ನೋಡಿದೆವು.

ನಾನು ಇಪ್ಪತ್ತೆರಡು ವರ್ಷಗಳಿಂದ ಗಾಯನವೃಂದದಲ್ಲಿ ಹಾಡುತ್ತಿದ್ದೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು 61 ಜನ ಸೇರಿ ಹಾಡಿನ ಅಭ್ಯಾಸ ಮಾಡಿದ್ದರಿಂದ 53 ಮಂದಿಗೆ ರೋಗ ತಗುಲಿ ಇಬ್ಬರು ಸತ್ತರೆಂಬ ವರದಿಯನ್ನು ನಮ್ಮ ಗುರುಗಳು ಓದಿ ಹೇಳಿದರು. ಹಾಡುವಾಗ ಉಸಿರು ಜೋರಾಗಿ ಹೊರಬರುವುದರಿಂದ, ಮುಚ್ಚಿದ ಕೋಣೆಯಲ್ಲಿ ಆ ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತ ಉಳಿಯುತ್ತವಂತೆ. ದೇವರಿಗೆ ಕೊಡುತ್ತಿದ್ದ ಉಸಿರೇ ಪಕ್ಕದವಳಿಗೆ ವಿಷವಾಗಬಹುದು ಎಂದು ತಿಳಿದ ದಿನ ನಾನು ಬಹಳ ಅತ್ತೆ. ಚರ್ಚು ತೆರೆದ ಮೇಲೂ ಅನೇಕ ತಿಂಗಳು ಒಬ್ಬರೇ ಹಾಡಬೇಕಿತ್ತು, ಉಳಿದವರು ಮೌನ. ಈಗ ಎಲ್ಲರೂ ಮತ್ತೆ ಹಾಡುತ್ತೇವೆ, ಆದರೆ ಪರಮಪ್ರಸಾದವನ್ನು ನಾಲಿಗೆಯ ಮೇಲೆ ಪಡೆಯುತ್ತಿದ್ದ ಬಹಳ ಹಿರಿಯರು ಈಗ ಕೈಯಲ್ಲಿ ಪಡೆಯುತ್ತಾರೆ. ನನ್ನ ಅತ್ತೆಗೆ ಅದು ಇನ್ನೂ ಒಗ್ಗಿಲ್ಲ.

ಆಶಾ ಕಾರ್ಯಕರ್ತೆ, ಮಧುಗಿರಿ ತಾಲ್ಲೂಕು

ಅಕ್ಕನವರು ಬರೆದದ್ದು ಓದಿ, ನಾನೂ ನನ್ನ ಕಡೆಯದನ್ನು ಹೇಳಬೇಕೆನಿಸಿತು. ಮನೆಮನೆಗೆ ಹೋಗಿ ಜ್ವರ ಯಾರಿಗೆ ಎಂದು ಕೇಳುವ ಕೆಲಸ ನಮ್ಮದಾಗಿತ್ತು. ನಮ್ಮ ಹಳ್ಳಿಗಳಲ್ಲಿ ಜ್ವರ ಬಂದರೆ ಅಮ್ಮನಿಗೆ ತಂಪು ಮಾಡುವುದು ಮೊದಲು. ಮೊಸರನ್ನ, ರಾಗಿ ಅಂಬಲಿ, ಬೇವಿನ ಸೊಪ್ಪು. ಸಿಡುಬಿನ ಕಾಲದ ಆ ಪದ್ಧತಿ ಸಿಡುಬು ಹೋದ ಮೇಲೂ ಉಳಿದಿದೆ. ಭಾರತದಲ್ಲಿ ಸಿಡುಬು ಕೊನೆಯದಾಗಿ ಕಂಡದ್ದು 1975ರಲ್ಲಿ. ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಅದನ್ನು ಓಡಿಸಿದ್ದು ಲಸಿಕೆ. ಆದರೂ ಲಸಿಕೆ ಹಾಕಿಸಿಕೊಂಡವರು ಮಾರಮ್ಮನನ್ನು ಬಿಡಲಿಲ್ಲ. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ವಿಗ್ರಹ ಇಟ್ಟಾಗ ಓದಿದವರು ಹಲವರು ಹಳಿದರು. ಬೆಂಗಳೂರು, ಮೈಸೂರು ಸೀಮೆಯಲ್ಲಿ ಪ್ಲೇಗಿನ ಅಮ್ಮನ ಗುಡಿಗಳಿಗೆ ಇಂದಿಗೂ ಪೂಜೆ ನಡೆಯುತ್ತಿರುವುದನ್ನು ಬಲ್ಲ ನನಗೆ ಹಳಿಯಲು ಮನಸ್ಸಾಗಲಿಲ್ಲ. ಹೆಸರಿಲ್ಲದ ಭಯಕ್ಕೆ ಒಂದು ಹೆಸರು ಕೊಟ್ಟರೆ ಅದರ ಮುಂದೆ ನಿಂತು ಮಾತಾಡಬಹುದಲ್ಲ.

ಲಸಿಕೆ ಬಂದಾಗ ನಮ್ಮೂರಲ್ಲಿ ಯಾರೂ ತೋಳು ಕೊಡಲಿಲ್ಲ. ಸೂಜಿ ಹಾಕಿಸಿಕೊಂಡರೆ ಸಾಯುತ್ತಾರೆಂಬ ಮಾತು ಹಬ್ಬಿತ್ತು. ನಾನು ಮಾರಮ್ಮನ ಗುಡಿಯ ಪೂಜಾರಮ್ಮನ ಬಳಿ ಹೋಗಿ ಕೂತೆ. ಮೂರು ದಿನ ಹೋದೆ. ನಾಲ್ಕನೆಯ ದಿನ ಅವರು ಗುಡಿಯ ಕಟ್ಟೆಯ ಮೇಲೆಯೇ ಕುಳಿತು ಎಲ್ಲರೆದುರು ಹಾಕಿಸಿಕೊಂಡರು, ಅಮ್ಮನ ಅರಿಶಿನವನ್ನು ಸೂಜಿ ಚುಚ್ಚಿದ ಜಾಗದ ಪಕ್ಕದಲ್ಲಿ ಹಚ್ಚಿಕೊಂಡರು. ಆ ದಿನ ಐವತ್ತಕ್ಕಿಂತ ಹೆಚ್ಚು ಜನ ಬಂದರು. ನಂಬಿಕೆ ಆರೋಗ್ಯದ ಕೆಲಸಕ್ಕೆ ಅಡ್ಡಿ ಎಂದು ತರಬೇತಿಯಲ್ಲಿ ಯಾರಾದರೂ ಹೇಳಿದರೆ ನಾನು ಈಗ ಎದ್ದು ನಿಂತು ಇದನ್ನು ಹೇಳುತ್ತೇನೆ. ಹಾಗೆಂದು ಜಾತ್ರೆ ಸೇರಿದರೆ ರೋಗ ಹರಡುವುದಿಲ್ಲ ಎಂದಲ್ಲ. 2021ರ ಏಪ್ರಿಲ್‌ನಲ್ಲಿ ಕದ್ದುಮುಚ್ಚಿ ಪರ, ಅಂದರೆ ದೇವರ ಹೆಸರಿನ ಊರೂಟ, ಮಾಡಿದ ಒಂದು ಊರಿನಲ್ಲಿ ಎರಡು ವಾರಗಳಲ್ಲಿ ಎಷ್ಟು ಮನೆಗಳ ಬಾಗಿಲಿಗೆ ನಾನು ಮಾತ್ರೆಯ ಪೊಟ್ಟಣ ಕೊಂಡೊಯ್ದೆ ಎಂಬುದು ನನ್ನ ಕಾಲಿಗೆ ಗೊತ್ತು.

ತಮಟೆ ಕಲಾವಿದ, ಮಾಲೂರು ತಾಲ್ಲೂಕು

ಮೇಷ್ಟ್ರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ತೇರು ತಿರುವಿನಲ್ಲಿ ನಿಂತದ್ದು, ಹಿರಿಯರು ಹೋದದ್ದು, ಎಲ್ಲ ಸತ್ಯ. ಜಾತ್ರೆ ನಿಂತ ಎರಡು ವರ್ಷ ನಮಗೆ ಸಂಭಾವನೆ ಇಲ್ಲ, ಕರೆಯುವವರಿಲ್ಲ. ತಮಟೆಯ ಚರ್ಮ ಬಿರಿಯಿತು, ನನ್ನ ಜೊತೆ ಬಾರಿಸುತ್ತಿದ್ದವರಲ್ಲಿ ಮೂವರು ನರಸಾಪುರದ ಕಾರ್ಖಾನೆಗಳ ಗುತ್ತಿಗೆ ಕೆಲಸಕ್ಕೆ ಹೋದವರು ಮರಳಲಿಲ್ಲ. ಕರಗಕ್ಕೂ ಊರಹಬ್ಬಕ್ಕೂ ಈಗ ಧ್ವನಿವರ್ಧಕದ ಪೆಟ್ಟಿಗೆ ತರುತ್ತಾರೆ.

ಆದರೆ ನೀವು ಪಂಕ್ತಿಗಾಗಿ ಮರುಗಿದ್ದೀರಿ. ಯಾವ ಪಂಕ್ತಿ? ನಮ್ಮೂರಿನಲ್ಲಿ ಅನ್ನಸಂತರ್ಪಣೆಯಾದಾಗ ನಮ್ಮ ಬೀದಿಯವರು ಎಲ್ಲರದೂ ಮುಗಿದ ಮೇಲೆ, ಬೇರೆ ಜಾಗದಲ್ಲಿ ಕೂರುತ್ತಿದ್ದೆವು. ಸರ್ಕಾರ ಆರು ಅಡಿ ದೂರ ನಿಲ್ಲಿ ಎಂದಾಗ ಇಡೀ ದೇಶಕ್ಕೆ ಅದು ಹೊಸ ಕಷ್ಟವಾಗಿತ್ತು. ನಮ್ಮಜ್ಜ ಅದನ್ನು ಕೇಳಿ, ಈಗ ಅವರಿಗೂ ತಿಳಿಯುತ್ತದೆ ಎಂದಷ್ಟೇ ಹೇಳಿ ಸುಮ್ಮನಾದರು. 2022ರಲ್ಲಿ ಜಾತ್ರೆ ಮತ್ತೆ ನಡೆದಾಗ ಜನಸಂದಣಿ ಬೇಡವೆಂದು ಪ್ರಸಾದವನ್ನು ಪೊಟ್ಟಣ ಕಟ್ಟಿ ಹಂಚಿದರು. ಗೌಡರ ಮನೆಗೂ ನಮ್ಮ ಮನೆಗೂ ಒಂದೇ ಪೊಟ್ಟಣ, ಒಂದೇ ಸಾಲು, ಮುಂಚೆ ಬಂದವರಿಗೆ ಮುಂಚೆ. ನನ್ನ ಬದುಕಿನಲ್ಲಿ ಅಂಥ ಜಾತ್ರೆ ಅದೊಂದೇ. ಮರುವರ್ಷ ಪಂಕ್ತಿ ಮರಳಿ ಬಂತು, ಅದರ ಜೊತೆಗೆ ಹಳೆಯ ಜಾಗವೂ ಬಂತು.

ಅದೇ 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ನಮ್ಮ ಸಮುದಾಯದ ಒಬ್ಬ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದು ದೇಶಕ್ಕೆಲ್ಲ ಗೊತ್ತು. ಎರಡು ವರ್ಷ ಯಾರೂ ಏನನ್ನೂ ಮುಟ್ಟಬಾರದು ಎಂದಿದ್ದ ಕಾಲ ಮುಗಿದ ಕೂಡಲೇ, ಇವರು ಮಾತ್ರ ಮುಟ್ಟಬಾರದು ಎಂಬ ಕಾಲ ಹಾಗೆಯೇ ಮುಂದುವರಿಯಿತು.

ಈಗ ನೀವು ಪುಸ್ತಕ ಬರೆಯುತ್ತಿದ್ದೀರಿ. ಬಾಯಲ್ಲಿ ಇದ್ದದ್ದು ಬದಲಾಗಬಲ್ಲದು. ಊರಿನ ಚಾಕರಿ ಮಾಡುವ ನಮ್ಮವನಾದ ಕುಳವಾಡಿ ಇಂಥ ಕಡೆ ಹೊರಗೆ ನಿಲ್ಲತಕ್ಕದ್ದು ಎಂದು ನೀವು ಬರೆದಿಟ್ಟರೆ ಮುಂದಿನ ಮಕ್ಕಳಿಗೆ ಅದು ಶಾಸನವಾಗುತ್ತದೆ. ಅದನ್ನು ಯೋಚಿಸಿದ್ದೀರಾ?

ಅರ್ಚಕ, ಗೌರಿಬಿದನೂರು ತಾಲ್ಲೂಕು

ಮಾಲೂರಿನವರು ಕೇಳಿದ ಪ್ರಶ್ನೆ ಮೇಷ್ಟ್ರಿಗೊಬ್ಬರಿಗೇ ಅಲ್ಲ, ನನಗೂ ಸೇರಿದ್ದು. ತೀರ್ಥವನ್ನು ನಾನು ಕೆಲವರಿಗೆ ಎತ್ತರದಿಂದ ಬಿಡುತ್ತಿದ್ದೆ, ನಮ್ಮ ತಂದೆ ಹಾಗೆ ಕಲಿಸಿದ್ದರು. ದೇವಸ್ಥಾನ ತೆರೆದು ತೀರ್ಥ ಮತ್ತೆ ಶುರುವಾದಾಗ ರೋಗದ ಭಯದಿಂದ ಎಲ್ಲರಿಗೂ ಎತ್ತರದಿಂದಲೇ ಬಿಟ್ಟೆ. ಭಯ ಹೋದ ಮೇಲೆ ಯಾರಿಗೆ ಹತ್ತಿರದಿಂದ, ಯಾರಿಗೆ ದೂರದಿಂದ ಎಂದು ಮತ್ತೆ ವಿಂಗಡಿಸಲು ಕೈ ಏಳಲಿಲ್ಲ. ಈಗ ಎಲ್ಲರಿಗೂ ಹತ್ತಿರದಿಂದಲೇ ಕೊಡುತ್ತೇನೆ. ಊರಿನಲ್ಲಿ ಇಬ್ಬರು ಮೂವರು ಇದಕ್ಕಾಗಿ ನನ್ನ ಮೇಲೆ ಬೇಸರಗೊಂಡಿದ್ದಾರೆ.

ನಿವೃತ್ತ ಮೇಷ್ಟ್ರು, ಕೊರಟಗೆರೆ ತಾಲ್ಲೂಕು

ಎಲ್ಲರ ಬರಹಗಳನ್ನೂ ಓದಿದ್ದೇನೆ. ಹತ್ತು ದಿನ ಉತ್ತರ ಬರೆಯದಿದ್ದುದಕ್ಕೆ ಕ್ಷಮೆ ಇರಲಿ, ಮಾಲೂರಿನವರ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ.

ನಾನು ಮೊದಲು ಬರೆದಾಗ ಕಳೆದುಹೋದದ್ದನ್ನು ಮಾತ್ರ ಎಣಿಸಿದ್ದೆ. ನಿಂತುಹೋದ ಎರಡು ವರ್ಷಗಳಲ್ಲಿ, ಇದು ಹೀಗೆಯೇ ಇರಬೇಕೆಂದು ನಾವು ನಂಬಿದ್ದ ಎಷ್ಟೋ ಸಂಗತಿಗಳು ಬೇರೆ ರೀತಿಯಲ್ಲೂ ನಡೆಯಬಲ್ಲವು ಎಂದು ಕಂಡಿತು. ಚಿಂತಾಮಣಿಯವರ ತಾಯಿ ಸಾಲಿನಲ್ಲಿ ನಿಂತದ್ದು, ಅಜ್ಜಿ ವಚನ ಹೇಳಿದ್ದು, ಒಂದೇ ಪೊಟ್ಟಣದ ಪ್ರಸಾದ, ಎಲ್ಲವೂ ಅದೇ ಬಿರುಕಿನಲ್ಲಿ ಹುಟ್ಟಿದವು. ದುಃಖದ ಜೊತೆಗೆ ಬಂದವೆಂದು ಅವನ್ನು ದುಃಖದ ಲೆಕ್ಕಕ್ಕೇ ಬರೆದರೆ ನಾನು ಸುಳ್ಳು ಬರೆದಂತೆ. ಆದರೆ ಅವು ಬಂದವೆಂಬ ಕಾರಣಕ್ಕೆ ಸತ್ತವರ ಲೆಕ್ಕ ಹಗುರವಾಗುವುದೂ ಇಲ್ಲ. 2021ರ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ, ಯಾರೂ ಬಂದು ಕೇಳದ 560ಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಿತು. ಮಗ ಮಾಡಬೇಕಾದ ಕ್ರಿಯೆಯನ್ನು ಮಂತ್ರಿಯೊಬ್ಬರು ನಿಂತು ಮಾಡಿದ ದಿನ ಅದು. ಆ ಸುದ್ದಿ ಕೇಳಿ ನಮ್ಮ ತಾಯಿ ಅಂದು ಊಟ ಮಾಡಲಿಲ್ಲ.

ನಮ್ಮೂರಿನಲ್ಲೂ ಪಂಕ್ತಿಗೆ ಎರಡು ಜಾಗಗಳಿವೆ. ನಾನು ಅದನ್ನು ಬಲ್ಲೆ, ಅದರಲ್ಲಿ ಮೊದಲ ಜಾಗದಲ್ಲಿ ಅರವತ್ತು ವರ್ಷ ಕುಳಿತು ಉಂಡಿದ್ದೇನೆ, ಶಾಲೆಯಲ್ಲಿ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದೇನೆ, ಆದರೆ ಜಾತ್ರೆಯ ದಿನ ಏನನ್ನೂ ಹೇಳಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕಿತ್ತು.

ಕಳೆದ ಭಾನುವಾರ ಸಮಿತಿ ಸೇರಿತ್ತು. ತೇರಿನ ಗಾಲಿ, ಹಗ್ಗ, ತಿರುವಿನ ಲೆಕ್ಕ, ಸೋಬಾನೆ ಪದಗಳು, ಇವನ್ನು ಉಳಿದಿರುವ ಒಬ್ಬ ಅಜ್ಜಿಯಿಂದಲೂ ತೀರಿಹೋದವರ ಮಕ್ಕಳಿಂದಲೂ ಕೇಳಿ ಬರೆಯಲು ಎಲ್ಲರೂ ಒಪ್ಪಿದರು. ಪಂಕ್ತಿ ಯಾರಿಗೆ ಎಲ್ಲಿ, ಯಾರು ಹೊರಗೆ ನಿಲ್ಲಬೇಕು ಎಂಬ ಪುಟವನ್ನು ನಾನು ಬರೆಯುವುದಿಲ್ಲವೆಂದು ಹೇಳಿದೆ. ವಾದವಾಯಿತು, ಇಬ್ಬರು ಎದ್ದು ಹೋದರು. ಆ ಪುಟ ಸದ್ಯಕ್ಕೆ ಖಾಲಿ ಇದೆ. ಊರಿನ ಎಲ್ಲ ಬೀದಿಯವರೂ ಒಂದೇ ಕಡೆ ಕುಳಿತು ಮಾತಾಡುವ ತನಕ ಖಾಲಿಯೇ ಇರುತ್ತದೆ ಎಂದು ತಿಳಿಸಿದ್ದೇನೆ.

ಮಾಲೂರಿನವರಲ್ಲಿ ಒಂದು ಕೋರಿಕೆ. ನಮ್ಮ ಊರಿನಲ್ಲಿ ತಮಟೆಯ ಮಟ್ಟುಗಳನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ. ತೇರು ಹೊರಡುವಾಗ ಒಂದು, ತಿರುವಿನಲ್ಲಿ ಒಂದು, ಗುಡಿ ಸೇರುವಾಗ ಒಂದು ಎಂದು ಬೇರೆಬೇರೆ ಮಟ್ಟುಗಳಿದ್ದದ್ದು ನನಗೆ ನೆನಪಿದೆ. ನೀವು ಹೇಳಿಕೊಡುವಿರಾದರೆ ನಾನೇ ಮಾಲೂರಿಗೆ ಬರುತ್ತೇನೆ.

ತಮಟೆ ಕಲಾವಿದ, ಮಾಲೂರು ತಾಲ್ಲೂಕು

ಬನ್ನಿ ಮೇಷ್ಟ್ರೇ. ಬರುವಾಗ ಆ ಪುಸ್ತಕವನ್ನೂ ತನ್ನಿ, ಖಾಲಿ ಪುಟವನ್ನು ನೋಡಬೇಕು. ಮಟ್ಟುಗಳನ್ನು ಕಾಗದದ ಮೇಲೆ ಬರೆದುಕೊಳ್ಳಲು ಆಗುವುದಿಲ್ಲ, ನಿಮ್ಮ ಊರಿನ ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು ಬನ್ನಿ. ಅವರು ಯಾವ ಬೀದಿಯವರಾದರೂ ಸರಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ, ಎಲ್ಲರಿಗೂ.